ಕಾಣೆಯಾದ ಕಾರ್ಡು, ತಪ್ಪಿದ ಕ್ರಮಸಂಖ್ಯೆ: ಲಿನಕ್ಸ್ ಸರ್ವರಿನ ಜಾಲದೋಷವನ್ನು ಪತ್ತೆಹಚ್ಚುವ ಬಗೆ

ಪೀಠಿಕೆ

ಕೇರಳದ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನದ ಕಲಿಕೆಯು 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯೊಡನೆ ವ್ಯವಸ್ಥಿತ ರೂಪವನ್ನು ಪಡೆಯಿತು. 2017ರಲ್ಲಿ ಆ ಯೋಜನೆಯು ಕೈಟ್ ಎಂಬ ಸಂಸ್ಥೆಯಾಗಿ ರೂಪಾಂತರಗೊಂಡಿತು. ಈ ನಡುವಿನ ವರ್ಷಗಳಲ್ಲಿ ಶಾಲಾ ಗಣಕಗಳು ಸ್ವತಂತ್ರ ತಂತ್ರಾಂಶವಾದ ಗ್ನೂ ಲಿನಕ್ಸಿಗೆ ಬದಲಾದುವು. ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಐಸಿಟಿ ಪಠ್ಯಪುಸ್ತಕವು ಕನ್ನಡದಲ್ಲಿಯೇ ದೊರೆಯುತ್ತದೆ. ಆದರೆ ಗಣಕವು ಕೆಟ್ಟು ನಿಂತಾಗ ತೆರೆಯ ಮೇಲೆ ಮೂಡುವ ವಾಕ್ಯವು ಕನ್ನಡದಲ್ಲಿರುವುದಿಲ್ಲ. ಅದನ್ನು ಓದಿ, ಅರ್ಥವನ್ನು ಬಿಡಿಸಿ, ಮುಂದಿನ ಹೆಜ್ಜೆಯನ್ನು ನಿರ್ಧರಿಸುವ ಹೊಣೆ ಅಧ್ಯಾಪಕರ ಮೇಲೆ ಬೀಳುತ್ತದೆ.

ಒಂದು ಪ್ರೌಢಶಾಲೆಯ ಗಣಕ ಪ್ರಯೋಗಾಲಯವನ್ನು ಉದಾಹರಣೆಯಾಗಿ ಭಾವಿಸಿಕೊಳ್ಳಬಹುದು. ಅಲ್ಲಿ ಒಂದು ಗಣಕವನ್ನು ಸರ್ವರ್ ಆಗಿ ಇರಿಸಲಾಗಿದ್ದು, ಅದರಲ್ಲಿ ಉಬುಂಟು ಸರ್ವರ್ ಆವೃತ್ತಿಯಿದೆ. ಅದಕ್ಕೆ ಎರಡು ನೆಟ್‌ವರ್ಕ್ ಕಾರ್ಡುಗಳಿವೆ. ಮದರ್‌ಬೋರ್ಡಿನಲ್ಲಿಯೇ ಅಡಕವಾಗಿರುವ ಕಾರ್ಡು ಹೊರಗಿನ ಇಂಟರ್ನೆಟ್ಟಿಗೆ. ಸ್ಲಾಟಿನಲ್ಲಿ ಸೇರಿಸಿರುವ ಇನ್ನೊಂದು ಪ್ರಯೋಗಾಲಯದ ಸ್ವಿಚ್ಚಿಗೆ. ಹಿಂದಿನ ವರ್ಷದ ವಿದ್ಯಾರ್ಥಿಗಳ ಚಿತ್ರಗಳು, ಪ್ರಾಜೆಕ್ಟುಗಳು, ಪ್ರಾಯೋಗಿಕ ಮೌಲ್ಯಮಾಪನದ ಕಡತಗಳು ಎಲ್ಲವೂ ಈ ಸರ್ವರಿನ ಡಿಸ್ಕಿನಲ್ಲಿವೆ. ಬೇಸಿಗೆ ರಜೆಯಲ್ಲಿ ಬಂದ ಸಿಡಿಲಿಗೆ ಸ್ವಿಚ್ಚಿನ ಕಡೆಯ ಕಾರ್ಡು ಸುಟ್ಟುಹೋಯಿತು. ರಿಪೇರಿಯವರು ಬಂದು ಹೊಸ ಕಾರ್ಡನ್ನು ಹಾಕಿಕೊಟ್ಟರು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಸರ್ವರ್ ಚಾಲನೆಗೊಂಡಿತು. ಆದರೆ ಪ್ರಯೋಗಾಲಯದ ಒಂದು ಗಣಕಕ್ಕೂ ಸಂಪರ್ಕ ದೊರೆಯಲಿಲ್ಲ.

ಇಂತಹ ಸಂದರ್ಭದಲ್ಲಿ ಎರಡು ಸಲಹೆಗಳು ಸುಲಭವಾಗಿ ಕೇಳಿಬರುತ್ತವೆ. ಒಂದು, ಹೊಸ ಕಾರ್ಡೂ ಕೆಟ್ಟದ್ದೇ ಆಗಿರಬೇಕು, ಮತ್ತೊಂದನ್ನು ಕೊಳ್ಳೋಣ ಎಂಬುದು. ಎರಡು, ಲಿನಕ್ಸನ್ನು ಮೊದಲಿನಿಂದ ಮತ್ತೆ ಇನ್‌ಸ್ಟಾಲ್ ಮಾಡೋಣ ಎಂಬುದು. ಮೊದಲನೆಯದರಿಂದ ಶಾಲೆಯ ಹಣ ವ್ಯರ್ಥವಾಗಬಹುದು. ಎರಡನೆಯದರಿಂದ ಆಗುವ ನಷ್ಟ ಇನ್ನೂ ದೊಡ್ಡದು. ಡಿಸ್ಕನ್ನು ಅಳಿಸಿ ಸ್ಥಾಪಿಸುವ ಆಯ್ಕೆಯನ್ನು ಒತ್ತಿದ ಮೇಲೆ, ಬೇರೆಡೆ ಪ್ರತಿಯಿಲ್ಲದಿದ್ದರೆ, ಮಕ್ಕಳ ಒಂದು ವರ್ಷದ ದುಡಿಮೆಯು ಮರಳಿ ಬರುವುದಿಲ್ಲ. ಇವೆರಡರ ಪೈಕಿ ಯಾವುದನ್ನೂ ಕೈಗೊಳ್ಳುವ ಮೊದಲು ಕಾರ್ಡು ನಿಜವಾಗಿಯೂ ಇಲ್ಲವೋ ಅಥವಾ ಬೇರೊಂದು ಹೆಸರಿನಲ್ಲಿ ಇದೆಯೋ ಎಂಬುದನ್ನು ತಿಳಿಯಬೇಕು. ಅದನ್ನು ತಿಳಿಯುವ ಕ್ರಮವೇ ಈ ಲೇಖನದ ವಿಷಯ.

ಆಜ್ಞೆಗಳನ್ನೂ ಇಂಟರ್‌ಫೇಸುಗಳ ಹೆಸರುಗಳನ್ನೂ ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟರ್ಮಿನಲ್ಲಿನಲ್ಲಿ ಅವುಗಳನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಟೈಪು ಮಾಡಬೇಕು. ದೊಡ್ಡ ಅಕ್ಷರ ಅಗತ್ಯವಿರುವಲ್ಲಿ ಅದನ್ನು ಪ್ರತ್ಯೇಕವಾಗಿ ಹೇಳಲಾಗಿದೆ.

1. ಹೆಸರು ಹೇಗೆ ಬರುತ್ತದೆ?

ದೋಷವನ್ನು ಹುಡುಕುವ ಮೊದಲು ಲಿನಕ್ಸ್ ತನ್ನ ಕಾರ್ಡುಗಳನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ಅರಿಯಬೇಕು. ಅಧ್ಯಾಪಕರಿಗೆ ಪರಿಚಿತವಾದ ಮೂರು ಗುರುತುಗಳನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಗೆ ಹಾಜರಿ ಪುಸ್ತಕದ ಕ್ರಮಸಂಖ್ಯೆ ಇರುತ್ತದೆ. ತರಗತಿಯಲ್ಲಿ ಕುಳಿತುಕೊಳ್ಳುವ ಒಂದು ಬೆಂಚು ಇರುತ್ತದೆ. ದಾಖಲಾತಿ ಪುಸ್ತಕದಲ್ಲಿ ಒಂದು ದಾಖಲಾತಿ ಸಂಖ್ಯೆ ಇರುತ್ತದೆ. ಕ್ರಮಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬೆಂಚು ಬದಲಾಗಲು ಕುಳಿತ ಜಾಗ ಬದಲಾದರೆ ಸಾಕು. ದಾಖಲಾತಿ ಸಂಖ್ಯೆ ಮಾತ್ರ ಶಾಲೆ ಬಿಡುವ ತನಕ ಒಂದೇ ಆಗಿರುತ್ತದೆ.

ನೆಟ್‌ವರ್ಕ್ ಕಾರ್ಡಿಗೂ ಈ ಮೂರು ಬಗೆಯ ಗುರುತುಗಳುಂಟು. ಮೊದಲನೆಯದು ಕರ್ನೆಲ್ ಕೊಡುವ ಕ್ರಮಸಂಖ್ಯೆ. ಯಂತ್ರವು ಚಾಲನೆಗೊಳ್ಳುವಾಗ ಮೊದಲು ಸಿದ್ಧವಾದ ಕಾರ್ಡಿಗೆ ಇಟಿಎಚ್0, ಅನಂತರದ್ದಕ್ಕೆ ಇಟಿಎಚ್1 ಎಂಬ ಹೆಸರು ಬರುತ್ತದೆ. ಡ್ರೈವರುಗಳು ಏಕಕಾಲದಲ್ಲಿ ಕೆಲಸ ಆರಂಭಿಸುವುದರಿಂದ ಯಾವ ಕಾರ್ಡು ಮೊದಲು ಸಿದ್ಧವಾಗುತ್ತದೆ ಎಂಬುದಕ್ಕೆ ಖಾತರಿಯಿಲ್ಲ. ಇಂದು ಇಟಿಎಚ್0 ಆಗಿದ್ದುದು ನಾಳೆ ಇಟಿಎಚ್1 ಆಗಬಹುದು.

ಎರಡನೆಯದು ಸ್ಥಾನದಿಂದ ಬರುವ ಹೆಸರು. 2013ರ ಜನವರಿಯಲ್ಲಿ ಬಿಡುಗಡೆಯಾದ ಸಿಸ್ಟಂಡಿಯ 197ನೆಯ ಆವೃತ್ತಿಯು ಈ ಪದ್ಧತಿಯನ್ನು ತಂದಿತು. ಇದರಲ್ಲಿ ಈಥರ್ನೆಟ್ ಕಾರ್ಡಿನ ಹೆಸರು ಇಎನ್ ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತದೆ. ಮದರ್‌ಬೋರ್ಡಿನಲ್ಲಿ ಅಡಕವಾಗಿರುವ ಕಾರ್ಡು ಇಎನ್‌ಒ1 ಎಂದು, ಮೂರನೆಯ ಪಿಸಿಐ ಬಸ್ಸಿನ ಸೊನ್ನೆಯ ಸ್ಥಾನದಲ್ಲಿರುವ ಕಾರ್ಡು ಇಎನ್‌ಪಿ3ಎಸ್0 ಎಂದು ಕಾಣಿಸಿಕೊಳ್ಳುತ್ತದೆ. ಈ ಹೆಸರು ಚಾಲನೆಯ ಕ್ರಮವನ್ನು ಅವಲಂಬಿಸುವುದಿಲ್ಲ. ಆದರೆ ಕಾರ್ಡಿನ ಜಾಗ ಬದಲಾದರೆ ಹೆಸರೂ ಬದಲಾಗುತ್ತದೆ.

ಮೂರನೆಯದು ಮ್ಯಾಕ್ ವಿಳಾಸ. ಇದು ತಯಾರಕರು ಕಾರ್ಡಿನಲ್ಲಿ ಬರೆದಿರುವ 48 ಬಿಟ್ಟುಗಳ ಸಂಖ್ಯೆ. ತೆರೆಯ ಮೇಲೆ ಇದು ಎರಡೆರಡು ಅಂಕಿಗಳ ಆರು ಜೋಡಿಗಳಾಗಿ ಕಾಣುತ್ತದೆ. ಮೊದಲ ಮೂರು ಜೋಡಿಗಳು ತಯಾರಕರನ್ನು ಸೂಚಿಸುತ್ತವೆ. ಉಳಿದ ಮೂರು ಆ ಕಾರ್ಡನ್ನು ಸೂಚಿಸುತ್ತವೆ. ದಾಖಲಾತಿ ಸಂಖ್ಯೆಗೆ ಸಮಾನವಾದುದು ಇದೇ. ಇಟಿಎಚ್0 ಎಂಬುದು ಒಂದು ನಿರ್ದಿಷ್ಟ ಕಾರ್ಡಿನ ಹೆಸರೆಂದು ನಂಬಿಕೊಂಡಲ್ಲಿ ಬಹುಪಾಲು ಗೊಂದಲಗಳು ಹುಟ್ಟುತ್ತವೆ. ಅದು ಕೇವಲ ಬಂದ ಸರದಿಯ ಸಂಖ್ಯೆ.

2. ಕಾರ್ಡು ಯಾವ ಮೆಟ್ಟಿಲಿನಲ್ಲಿ ತಪ್ಪಿಹೋಯಿತು?

ಒಂದು ಕಾರ್ಡು ಕೆಲಸಕ್ಕೆ ಬರಬೇಕಾದರೆ ನಾಲ್ಕು ಮೆಟ್ಟಿಲುಗಳನ್ನು ಏರಬೇಕಾಗುತ್ತದೆ. ಅದು ಯಂತ್ರದ ಬಸ್ಸಿನಲ್ಲಿ ಕಾಣಿಸಬೇಕು. ಅದಕ್ಕೆ ಡ್ರೈವರ್ ದೊರೆಯಬೇಕು. ಡ್ರೈವರಿನ ಮೂಲಕ ಒಂದು ಹೆಸರು ಬರಬೇಕು. ಆ ಹೆಸರಿಗೆ ಐಪಿ ವಿಳಾಸ ಮೊದಲಾದ ಹೊಂದಿಕೆಗಳು ಕೂಡಬೇಕು. ನಾಲ್ಕರಲ್ಲಿ ಯಾವುದು ತಪ್ಪಿದರೂ ವಿದ್ಯಾರ್ಥಿಯ ಕುರ್ಚಿಯಿಂದ ನೋಡಿದಾಗ ಫಲ ಒಂದೇ: ಸಂಪರ್ಕವಿಲ್ಲ. ಆದ್ದರಿಂದ ಪರೀಕ್ಷೆಯು ಕೆಳಗಿನ ಮೆಟ್ಟಿಲಿನಿಂದ ಆರಂಭವಾಗಬೇಕು.

ಮೊದಲ ಮೆಟ್ಟಿಲಿನ ಪ್ರಶ್ನೆ: ಯಂತ್ರವು ಕಾರ್ಡನ್ನು ಕಾಣುತ್ತಿದೆಯೇ? ಇದಕ್ಕೆ ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯಿದೆ. ಅದರೊಡನೆ ಅಡ್ಡಗೆರೆಯಿಟ್ಟು ಎನ್‌ಎನ್‌ಕೆ ಎಂಬ ಆಯ್ಕೆಯನ್ನು ಸೇರಿಸಿದರೆ ಪ್ರತಿಯೊಂದು ಸಾಧನದ ತಯಾರಕ ಸಂಕೇತವೂ ಅದನ್ನು ನಡೆಸುತ್ತಿರುವ ಡ್ರೈವರಿನ ಹೆಸರೂ ಕಾಣುತ್ತವೆ. ಇಂಟೆಲಿನ ಸಂಕೇತ 8086, ರಿಯಲ್‌ಟೆಕ್ಕಿನದು 10ಇಸಿ, ಬ್ರಾಡ್‌ಕಾಮಿನದು 14ಇ4. ಯುಎಸ್‌ಬಿ ಮೂಲಕ ಜೋಡಿಸಿದ ಕಾರ್ಡಾದರೆ ಎಲ್‌ಎಸ್‌ಯುಎಸ್‌ಬಿ ಆಜ್ಞೆಯನ್ನು ಬಳಸಬೇಕು. ಈ ಪಟ್ಟಿಯಲ್ಲಿ ಕಾರ್ಡು ಇಲ್ಲದಿದ್ದರೆ ದೋಷವು ಲಿನಕ್ಸಿನ ಹೊಂದಿಕೆಯಲ್ಲಿಲ್ಲ. ಮತ್ತೆ ಇನ್‌ಸ್ಟಾಲ್ ಮಾಡಿದರೂ ಆ ಕಾರ್ಡು ಬರುವುದಿಲ್ಲ.

ಎರಡನೆಯ ಮೆಟ್ಟಿಲಿನ ಪ್ರಶ್ನೆ: ಡ್ರೈವರ್ ಇದೆಯೇ? ಅದೇ ಪಟ್ಟಿಯಲ್ಲಿ ಕಾರ್ಡಿನ ಕೆಳಗೆ, ಬಳಕೆಯಲ್ಲಿರುವ ಕರ್ನೆಲ್ ಡ್ರೈವರ್ ಎಂಬರ್ಥದ ಸಾಲು ಇರಬೇಕು. ಆ ಸಾಲು ಇಲ್ಲದಿದ್ದರೆ ಯಂತ್ರವು ಕಾರ್ಡನ್ನು ಕಂಡಿದೆ, ಆದರೆ ಅದನ್ನು ನಡೆಸುವವರಿಲ್ಲ ಎಂದು ತಿಳಿಯಬೇಕು.

ಮೂರನೆಯ ಮೆಟ್ಟಿಲಿನ ಪ್ರಶ್ನೆ: ಯಾವ ಹೆಸರಿನಲ್ಲಿದೆ? ಐಪಿ ಲಿಂಕ್ ಎಂಬ ಆಜ್ಞೆಯು ಎಲ್ಲ ಇಂಟರ್‌ಫೇಸುಗಳನ್ನೂ ಅವುಗಳ ಮ್ಯಾಕ್ ವಿಳಾಸಗಳನ್ನೂ ತೋರಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಐಎಫ್‌ಕಾನ್ಫಿಗ್ ಆಜ್ಞೆಯನ್ನು ಬರಿದೇ ಕೊಟ್ಟರೆ ಅದು ಚಾಲನೆಯಲ್ಲಿರುವ ಇಂಟರ್‌ಫೇಸುಗಳನ್ನು ಮಾತ್ರ ತೋರಿಸುತ್ತದೆ. ಸುಮ್ಮನಿರುವ ಕಾರ್ಡು ಅದರ ಪಟ್ಟಿಯಲ್ಲಿ ಬರುವುದೇ ಇಲ್ಲ. ಕಾಣೆಯಾಗಿದೆ ಎಂದು ಭಾವಿಸಿದ ಎಷ್ಟೋ ಕಾರ್ಡುಗಳು ಹೀಗೆ ಸುಮ್ಮನೆ ಇರುವಂಥವು. ಹಳೆಯ ಆಜ್ಞೆಯನ್ನೇ ಬಳಸುವವರು ಎಲ್ಲವನ್ನೂ ತೋರಿಸು ಎಂಬರ್ಥದ ಎ ಆಯ್ಕೆಯನ್ನು ಸೇರಿಸಬೇಕು.

ನಾಲ್ಕನೆಯ ಮೆಟ್ಟಿಲಿನ ಪ್ರಶ್ನೆ: ಹೊಂದಿಕೆಯ ಕಡತದಲ್ಲಿ ಬರೆದಿರುವ ಹೆಸರೂ ಈಗ ಇರುವ ಹೆಸರೂ ಒಂದೇ ಆಗಿವೆಯೇ? ಆಗಿರದಿದ್ದರೆ ಸರ್ವರ್ ಇಲ್ಲದ ಕಾರ್ಡಿಗಾಗಿ ಕಾಯುತ್ತದೆ. ಯಂತ್ರವು ಚಾಲನೆಗೊಳ್ಳುವಾಗ ಜಾಲವು ಸಿದ್ಧವಾಗುವುದನ್ನು ಕಾಯುತ್ತಿರುವ ಸಂದೇಶ ಮೂಡಿ, ಸುಮಾರು 2 ನಿಮಿಷ ಅಲ್ಲಿಯೇ ನಿಂತು, ಅನಂತರ ಮುಂದುವರಿದರೆ ಈ ಬಗೆಯ ದೋಷವನ್ನು ಶಂಕಿಸಬಹುದು.

3. ಕಾರ್ಡು ನಿಜವಾಗಿ ಕಾಣೆಯಾಗಿರುವಾಗ

ಮೊದಲ ಮೆಟ್ಟಿಲಿನಲ್ಲಿಯೇ ಕಾರ್ಡು ಇಲ್ಲವೆಂದಾದರೆ ಟರ್ಮಿನಲ್ಲನ್ನು ಬಿಟ್ಟು ಯಂತ್ರದ ಬಳಿಗೆ ಹೋಗಬೇಕು. ಮದರ್‌ಬೋರ್ಡಿನ ಕಾರ್ಡಾದರೆ ಬಯೋಸ್ ಹೊಂದಿಕೆಯಲ್ಲಿ ಅದನ್ನು ನಿಷ್ಕ್ರಿಯಗೊಳಿಸಿರುವ ಸಾಧ್ಯತೆಯಿದೆ. ಮದರ್‌ಬೋರ್ಡಿನ ಬ್ಯಾಟರಿ ಕ್ಷೀಣಿಸಿದಾಗ ಬಯೋಸ್ ತನ್ನ ಮೂಲ ಹೊಂದಿಕೆಗೆ ಮರಳುವುದೂ ಉಂಟು. ಗಡಿಯಾರವು ಹಳೆಯ ದಿನಾಂಕವನ್ನು ತೋರಿಸುತ್ತಿದ್ದರೆ ಅದು ಇದರ ಕುರುಹು.

ಸ್ಲಾಟಿನ ಕಾರ್ಡಾದರೆ ವಿದ್ಯುತ್ತನ್ನು ಆರಿಸಿ, ತಂತಿಯನ್ನು ಗೋಡೆಯಿಂದ ಕಳಚಿ, ಕೈಯನ್ನು ಪೆಟ್ಟಿಗೆಯ ಬರಿಯ ಲೋಹಕ್ಕೆ ತಾಗಿಸಿ, ಆಮೇಲೆ ಕಾರ್ಡನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಬೇಕು. ಕರಾವಳಿಯ ತೇವಾಂಶದಲ್ಲಿ ಸಂಪರ್ಕಪಟ್ಟಿಗಳ ಮೇಲೆ ಕಿಲುಬು ಕೂರುವುದುಂಟು. ಒಣಗಿದ ಮೃದು ಬಟ್ಟೆಯಿಂದ ಅವುಗಳನ್ನು ಒರೆಸಬಹುದು. ಆಗಲೂ ಕಾಣಿಸದಿದ್ದರೆ ಬೇರೊಂದು ಸ್ಲಾಟಿನಲ್ಲಿ, ಅನಂತರ ಬೇರೊಂದು ಗಣಕದಲ್ಲಿ ಪರೀಕ್ಷಿಸಬೇಕು. ಎರಡನೆಯ ಗಣಕದಲ್ಲಿಯೂ ಕಾಣಿಸದಿದ್ದಾಗ ಮಾತ್ರ ಕಾರ್ಡು ಕೆಟ್ಟಿದೆ ಎಂಬ ತೀರ್ಮಾನಕ್ಕೆ ಆಧಾರ ದೊರೆಯುತ್ತದೆ. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಕಾರ್ಡಿನ ಆವೃತ್ತಿಯ ಜಾಗದಲ್ಲಿ ಎಫ್‌ಎಫ್ ಎಂದು ಬಂದಿದ್ದರೆ ಆ ಸಾಧನವು ಬಸ್ಸಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದೆ ಎಂದರ್ಥ.

ಎರಡನೆಯ ಮೆಟ್ಟಿಲಿನಲ್ಲಿ ತಪ್ಪಿದ್ದರೆ ಕರ್ನೆಲಿನ ದಿನಚರಿಯನ್ನು ಓದಬೇಕು. ಡಿಎಂಇಎಸ್‌ಜಿ ಎಂಬ ಆಜ್ಞೆಯು ಅದನ್ನು ತೆರೆಯ ಮೇಲೆ ತರುತ್ತದೆ. ಅದರಲ್ಲಿ ಫರ್ಮ್‌ವೇರ್ ದೊರೆಯಲಿಲ್ಲ ಎಂಬರ್ಥದ ಸಾಲು ಇದ್ದರೆ ಡ್ರೈವರ್ ಬಂದಿದೆ, ಆದರೆ ಕಾರ್ಡಿಗೆ ಉಣಿಸಬೇಕಾದ ಕಡತವಿಲ್ಲ. ಬ್ರಾಡ್‌ಕಾಮಿನ ಬಿಎನ್‌ಎಕ್ಸ್2 ಡ್ರೈವರನ್ನು ಬಳಸುವ ಸರ್ವರುಗಳಲ್ಲಿ ಇದು ಹಳೆಯ ಸಮಸ್ಯೆ. ಆ ಫರ್ಮ್‌ವೇರ್ ಸ್ವತಂತ್ರ ತಂತ್ರಾಂಶವಲ್ಲದ ಕಾರಣ ಡೆಬಿಯನ್ ಅದನ್ನು ತನ್ನ ಅಧಿಕೃತ ಸ್ಥಾಪನಾ ಡಿಸ್ಕಿನಿಂದ ಹೊರಗಿಟ್ಟಿತ್ತು. 2023ರಲ್ಲಿ ಬಂದ 12ನೆಯ ಆವೃತ್ತಿಯಿಂದ ಇಂತಹ ಫರ್ಮ್‌ವೇರುಗಳು ಡಿಸ್ಕಿನಲ್ಲಿಯೇ ಬರುತ್ತಿವೆ.

ಕರ್ನೆಲ್ ಹೊಸದಾದ ದಿನವೇ ಕಾರ್ಡು ಕಾಣೆಯಾಗಿದ್ದರೆ ಬೇರೆ ಕಾರಣವನ್ನು ಶಂಕಿಸಬೇಕು. ತಯಾರಕರ ತಾಣದಿಂದ ತಂದು ಪ್ರತ್ಯೇಕವಾಗಿ ಸೇರಿಸಿದ ಡ್ರೈವರ್ ಹಳೆಯ ಕರ್ನೆಲಿಗೆ ಮಾತ್ರ ಹೊಂದಿರುತ್ತದೆ. ಹೊಸ ಕರ್ನೆಲಿಗಾಗಿ ಅದನ್ನು ಮತ್ತೆ ರಚಿಸಬೇಕು. ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನೆಲನ್ನು ಆರಿಸಿ ಯಂತ್ರವನ್ನು ಚಾಲನೆಗೊಳಿಸಿದಾಗ ಕಾರ್ಡು ಮರಳಿ ಬಂದರೆ ಈ ಶಂಕೆ ಖಚಿತವಾಗುತ್ತದೆ. ಈ ಪರೀಕ್ಷೆಯಿಂದ ಡಿಸ್ಕಿನ ಯಾವ ಕಡತಕ್ಕೂ ಹಾನಿಯಿಲ್ಲ.

4. ಕಾರ್ಡು ಇದೆ, ಸಂಖ್ಯೆ ತಪ್ಪಿದೆ

ಹೆಚ್ಚಿನ ಸಂದರ್ಭಗಳಲ್ಲಿ ಕಾರ್ಡು ಮೂರು ಮೆಟ್ಟಿಲುಗಳನ್ನೂ ಏರಿ ಬೇರೊಂದು ಹೆಸರಿನಲ್ಲಿ ಕುಳಿತಿರುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ಹಳೆಯ ಸರ್ವರುಗಳಲ್ಲಿ ಕಾಣುವಂಥದು. ಸ್ಥಾನದಿಂದ ಹೆಸರಿಡುವ ಪದ್ಧತಿ ಬರುವ ಮೊದಲು ಯೂಡೆವ್ ಎಂಬ ವ್ಯವಸ್ಥೆಯು ಪ್ರತಿಯೊಂದು ಕಾರ್ಡಿನ ಮ್ಯಾಕ್ ವಿಳಾಸವನ್ನೂ ಅದಕ್ಕೆ ಕೊಟ್ಟ ಹೆಸರನ್ನೂ ಒಂದು ನಿಯಮ ಕಡತದಲ್ಲಿ ಬರೆದಿಡುತ್ತಿತ್ತು. ಆ ಕಡತದ ಹೆಸರು 70 ಎಂಬ ಅಂಕಿಯಿಂದ ಆರಂಭವಾಗಿ ಪರ್ಸಿಸ್ಟೆಂಟ್ ನೆಟ್ ಎಂದು ಮುಂದುವರಿಯುತ್ತದೆ. 2010ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6ರಲ್ಲಿಯೂ ಉಬುಂಟು 14.04ರಲ್ಲಿಯೂ ಈ ಕ್ರಮವಿತ್ತು. ಕಾರ್ಡನ್ನು ಬದಲಾಯಿಸಿದಾಗ ಹಳೆಯ ಕಾರ್ಡಿನ ಸಾಲು ಹಾಗೆಯೇ ಉಳಿಯುತ್ತದೆ. ವರ್ಗಾವಣೆ ಪತ್ರ ಪಡೆದು ಹೋದ ವಿದ್ಯಾರ್ಥಿಯ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕದಿದ್ದರೆ ಹೊಸಬನಿಗೆ ಮುಂದಿನ ಸಂಖ್ಯೆಯೇ ಸಿಗುತ್ತದೆ. ಹಾಗೆಯೇ ಹೊಸ ಕಾರ್ಡಿಗೆ ಇಟಿಎಚ್1ರ ಬದಲು ಇಟಿಎಚ್2 ದೊರೆಯುತ್ತದೆ. ಒಂದು ಗಣಕದ ಡಿಸ್ಕನ್ನು ನಕಲು ಮಾಡಿ ಇನ್ನೊಂದಕ್ಕೆ ಹಾಕಿದಾಗಲೂ ಇದೇ ಫಲ. ಹಳೆಯ ಸಾಲನ್ನು ಅಳಿಸಿ, ಹೊಸ ಸಾಲಿನಲ್ಲಿ ಹೆಸರನ್ನು ಸರಿಪಡಿಸಿ, ಯಂತ್ರವನ್ನು ಮರುಚಾಲನೆ ಮಾಡಿದರೆ ದೋಷ ಪರಿಹಾರವಾಗುತ್ತದೆ. ರೆಡ್ ಹ್ಯಾಟ್ ಪದ್ಧತಿಯಲ್ಲಿ ಕಾರ್ಡಿನ ಹೊಂದಿಕೆ ಕಡತದಲ್ಲಿಯೂ ಹಳೆಯ ಮ್ಯಾಕ್ ವಿಳಾಸವಿರಬಹುದು, ಅದನ್ನೂ ಬದಲಾಯಿಸಬೇಕು.

ಎರಡನೆಯ ಕಾರಣ ಸ್ಥಾನಪಲ್ಲಟ. ಹೊಸ ಪದ್ಧತಿಯಲ್ಲಿ ಕಾರ್ಡನ್ನು ಪಕ್ಕದ ಸ್ಲಾಟಿಗೆ ಹಾಕಿದರೆ ಇಎನ್‌ಪಿ3ಎಸ್0 ಎಂಬುದು ಇಎನ್‌ಪಿ4ಎಸ್0 ಆಗಬಹುದು. ಕಾರ್ಡನ್ನು ಮುಟ್ಟದೆ ಹೊಸದೊಂದು ಗ್ರಾಫಿಕ್ಸ್ ಕಾರ್ಡನ್ನೋ ಎನ್‌ವಿಎಂಇ ಡಿಸ್ಕನ್ನೋ ಸೇರಿಸಿದರೂ ಬಸ್ಸುಗಳ ಎಣಿಕೆ ಬದಲಾಗಿ ಹೆಸರು ಸರಿಯಬಹುದು. ಮುಂದಿನ ಬೆಂಚಿನಲ್ಲಿ ಇಬ್ಬರು ಹೊಸಬರು ಕುಳಿತರೆ ಹಿಂದಿನವರೆಲ್ಲ ಸರಿಯಬೇಕಾಗುವಂತೆ ಇದು.

ಈ ಹೆಸರುಗಳನ್ನು ಎಲ್‌ಎಸ್‌ಪಿಸಿಐ ಪಟ್ಟಿಯೊಡನೆ ಹೋಲಿಸುವಾಗ ಒಂದು ವಿಷಯವನ್ನು ನೆನಪಿಡಬೇಕು. ಪಟ್ಟಿಯಲ್ಲಿರುವ ಸಂಖ್ಯೆಗಳು ಹದಿನಾರರ ಮೂಲಮಾನದಲ್ಲಿವೆ. ಇಂಟರ್‌ಫೇಸಿನ ಹೆಸರಿನಲ್ಲಿರುವವು ಹತ್ತರ ಮೂಲಮಾನದಲ್ಲಿವೆ. ಪಟ್ಟಿಯಲ್ಲಿ 1ಎಫ್ ಎಂಬ ಸ್ಥಾನದಲ್ಲಿರುವ ಕಾರ್ಡಿನ ಹೆಸರಿನಲ್ಲಿ 31 ಎಂದಿರುತ್ತದೆ. ಎರಡೂ ಒಂದೇ. ಸಂಖ್ಯಾಪದ್ಧತಿಗಳ ಪಾಠಕ್ಕೆ ಇದಕ್ಕಿಂತ ಸಹಜವಾದ ಉದಾಹರಣೆ ಸಿಗಲಾರದು.

ಮೂರನೆಯ ಕಾರಣ ಅದಲುಬದಲು. ಹೆಸರುಗಳೆಲ್ಲ ಸರಿಯಾಗಿ ಕಾಣುತ್ತವೆ, ಆದರೆ ಇಟಿಎಚ್0 ಮತ್ತು ಇಟಿಎಚ್1 ಪರಸ್ಪರ ಬದಲಾಗಿರುತ್ತವೆ. ಕರ್ನೆಲಿಗೆ ನೆಟ್ ಐಎಫ್‌ನೇಮ್ಸ್ ಸೊನ್ನೆ ಎಂಬ ಸೂಚನೆಯನ್ನು ಕೊಟ್ಟು ಹಳೆಯ ಪದ್ಧತಿಗೆ ಮರಳಿದ ಯಂತ್ರಗಳಲ್ಲಿ ಇದು ಸಂಭವಿಸುತ್ತದೆ. ಒಂದೇ ಕಾರ್ಡಿರುವ ಗಣಕದಲ್ಲಿ ಆ ಸೂಚನೆಯಿಂದ ತೊಂದರೆಯಿಲ್ಲ. ಎರಡು ಕಾರ್ಡುಗಳಿರುವಲ್ಲಿ ಅದು ಅಪಾಯಕಾರಿ. ಪ್ರಯೋಗಾಲಯಕ್ಕೆ ವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ಸೇವೆಯು ಹೊರಗಿನ ಜಾಲಕ್ಕೆ ಹಂಚತೊಡಗುತ್ತದೆ. ಹೊರಗಿನವರನ್ನು ತಡೆಯಬೇಕಾದ ಫೈರ್‌ವಾಲ್ ಮಕ್ಕಳ ಗಣಕಗಳನ್ನು ತಡೆದು ಹೊರಬಾಗಿಲನ್ನು ತೆರೆದಿಡುತ್ತದೆ. ಸಂಪರ್ಕವಿಲ್ಲದಿರುವುದು ಕೂಡಲೇ ತಿಳಿಯುತ್ತದೆ. ಬಾಗಿಲು ತೆರೆದಿರುವುದು ತಿಳಿಯುವುದಿಲ್ಲ.

5. ಯಾವ ಹೆಸರು ಯಾವ ಕಾರ್ಡಿನದು?

ಹೆಸರನ್ನು ತಿದ್ದುವ ಮೊದಲು ಪ್ರತಿಯೊಂದು ಹೆಸರಿನ ಹಿಂದಿರುವ ನಿಜವಾದ ಕಾರ್ಡನ್ನು ಕಣ್ಣಾರೆ ಗುರುತಿಸಬೇಕು. ಈಥ್‌ಟೂಲ್ ಎಂಬ ಸಾಧನವು ಇದಕ್ಕೆ ನೆರವಾಗುತ್ತದೆ. ಅದಕ್ಕೆ ಸಣ್ಣ ಅಕ್ಷರದ ಪಿ ಆಯ್ಕೆಯನ್ನೂ ಇಂಟರ್‌ಫೇಸಿನ ಹೆಸರನ್ನೂ 10 ಎಂಬ ಅಂಕಿಯನ್ನೂ ಕೊಟ್ಟರೆ ಆ ಕಾರ್ಡಿನ ದೀಪವು 10 ಸೆಕೆಂಡುಗಳ ಕಾಲ ಮಿನುಗುತ್ತದೆ. ದೊಡ್ಡ ಅಕ್ಷರದ ಪಿ ಕೊಟ್ಟರೆ ಕಾರ್ಡಿನ ಶಾಶ್ವತ ಮ್ಯಾಕ್ ವಿಳಾಸ ಬರುತ್ತದೆ. ಐ ಆಯ್ಕೆಯನ್ನು ಕೊಟ್ಟರೆ ಡ್ರೈವರಿನ ಹೆಸರೂ ಬಸ್ಸಿನ ಸ್ಥಾನವೂ ಕಾಣುತ್ತವೆ.

ಎಲ್ಲ ಕಾರ್ಡುಗಳೂ ದೀಪ ಮಿನುಗಿಸುವ ಸೌಲಭ್ಯವನ್ನು ಹೊಂದಿರುವುದಿಲ್ಲ. ಆಗ ಇಂಟರ್‌ಫೇಸನ್ನು ಚಾಲನೆಯಲ್ಲಿರಿಸಿ ಕೇಬಲನ್ನು ಕಳಚಬೇಕು. ಐಪಿ ಲಿಂಕ್ ಪಟ್ಟಿಯಲ್ಲಿ ಯಾವ ಹೆಸರಿನ ಎದುರು ಸಂಕೇತವಿಲ್ಲ ಎಂಬರ್ಥದ ನೋ ಕ್ಯಾರಿಯರ್ ಎಂಬ ಮಾತು ಬರುತ್ತದೆಯೋ ಅದೇ ಆ ಕಾರ್ಡು. ಗುರುತಿಸಿದ ಕೂಡಲೇ ಕಾರ್ಡಿನ ಹೊರಪಟ್ಟಿಯ ಮೇಲೆ ಚೀಟಿ ಅಂಟಿಸಿ, ಮ್ಯಾಕ್ ವಿಳಾಸದ ಕೊನೆಯ ಎರಡು ಜೋಡಿಗಳನ್ನೂ ಅದು ಯಾವ ಕಡೆಯ ಕಾರ್ಡು ಎಂಬುದನ್ನೂ ಬರೆದಿಡುವುದು ಒಳ್ಳೆಯದು.

6. ಶಾಶ್ವತವಾದ ಪರಿಹಾರ

ಎರಡು ಅಥವಾ ಹೆಚ್ಚು ಕಾರ್ಡುಗಳಿರುವ ಸರ್ವರಿನಲ್ಲಿ ಹೆಸರನ್ನು ಮ್ಯಾಕ್ ವಿಳಾಸಕ್ಕೆ ಕಟ್ಟಿಹಾಕುವುದು ಸುರಕ್ಷಿತ ಮಾರ್ಗ. ಉಬುಂಟು ಸರ್ವರಿನಲ್ಲಿ ನೆಟ್‌ಪ್ಲಾನ್ ಕಡತದಲ್ಲಿಯೇ ಇದನ್ನು ಮಾಡಬಹುದು. ಕಾರ್ಡಿನ ವಿವರಣೆಯ ಕೆಳಗೆ ಮ್ಯಾಚ್ ಎಂಬ ಭಾಗದಲ್ಲಿ ಮ್ಯಾಕ್ ವಿಳಾಸವನ್ನೂ ಸೆಟ್ ನೇಮ್ ಎಂಬ ಸಾಲಿನಲ್ಲಿ ಬೇಕಾದ ಹೆಸರನ್ನೂ ಬರೆಯಬೇಕು. ಈ ಕಡತದಲ್ಲಿ ಸಾಲುಗಳ ಒಳಸರಿತವು ಅರ್ಥವುಳ್ಳದ್ದು. ಅದನ್ನು ಖಾಲಿ ಜಾಗಗಳಿಂದಲೇ ಮಾಡಬೇಕು. ಟ್ಯಾಬ್ ಕೀಲಿಯನ್ನು ಬಳಸಬಾರದು.

ನೆಟ್‌ಪ್ಲಾನ್ ಇಲ್ಲದ ವ್ಯವಸ್ಥೆಗಳಲ್ಲಿ ಸಿಸ್ಟಂಡಿಯ ನೆಟ್‌ವರ್ಕ್ ಕಡತಕೋಶದೊಳಗೆ ಲಿಂಕ್ ಎಂದು ಕೊನೆಗೊಳ್ಳುವ ಕಡತವನ್ನು ರಚಿಸಬೇಕು. ಅದರಲ್ಲಿಯೂ ಮ್ಯಾಚ್ ಭಾಗದಲ್ಲಿ ವಿಳಾಸ, ಲಿಂಕ್ ಭಾಗದಲ್ಲಿ ಹೆಸರು. ಹೊಂದುವ ಕಡತಗಳ ಪೈಕಿ ಹೆಸರಿನ ಕ್ರಮದಲ್ಲಿ ಮೊದಲು ಬಂದದ್ದು ಮಾತ್ರ ಅನ್ವಯವಾಗುತ್ತದೆ. ವ್ಯವಸ್ಥೆಯ ಮೂಲ ಕಡತವು 99ರಿಂದ ಆರಂಭವಾಗುವುದರಿಂದ ಹೊಸದನ್ನು 10ರಿಂದ ಆರಂಭಿಸಬೇಕು. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಅನಂತರ ಇನಿಟ್‌ರಾಂಎಫ್‌ಎಸ್ಸನ್ನು ನವೀಕರಿಸಬೇಕು. ಇಲ್ಲವಾದರೆ ಚಾಲನೆಯ ಆದಿಯಲ್ಲಿ ಹಳೆಯ ಹೆಸರೇ ಬರುವ ಸಂಭವವಿದೆ.

ಹೊಸ ಹೆಸರನ್ನು ಆರಿಸುವಾಗ ಇಟಿಎಚ್0 ಮುಂತಾದವುಗಳನ್ನು ಬಿಡಬೇಕು. ಕರ್ನೆಲ್ ತಾನೇ ಆ ಹೆಸರುಗಳನ್ನು ಹಂಚುತ್ತಿರುವಾಗ ಎರಡು ಕಾರ್ಡುಗಳು ಒಂದೇ ಹೆಸರಿಗಾಗಿ ಘರ್ಷಿಸಬಹುದು. ಲ್ಯಾಬ್0, ಹೊರಗಿನದಕ್ಕೆ ವ್ಯಾನ್0 ಎಂಬಂತಹ ಹೆಸರುಗಳು ಕೆಲಸವನ್ನೇ ಹೇಳುತ್ತವೆ. ಹೆಸರು 15 ಅಕ್ಷರಗಳನ್ನು ಮೀರಬಾರದು. ಅದು ಕರ್ನೆಲಿನ ಮಿತಿ.

ಹೆಸರು ಬದಲಾದ ಮೇಲೆ ಹಳೆಯ ಹೆಸರು ಬರೆದಿರುವ ಎಲ್ಲ ಜಾಗಗಳನ್ನೂ ತಿದ್ದಬೇಕು. ಡಿಎಚ್‌ಸಿಪಿ ಸೇವೆಯ ಹೊಂದಿಕೆಯಲ್ಲಿಯೂ ಫೈರ್‌ವಾಲಿನ ನಿಯಮಗಳಲ್ಲಿಯೂ ಅದು ಇರುತ್ತದೆ. ಇಟಿಸಿ ಕಡತಕೋಶವನ್ನು ಗ್ರೆಪ್ ಆಜ್ಞೆಯಿಂದ ಆರ್ ಆಯ್ಕೆಯೊಡನೆ ಶೋಧಿಸಿದರೆ ಆ ಜಾಗಗಳು ಹೊರಬೀಳುತ್ತವೆ.

ಮೂರು ಮುನ್ನೆಚ್ಚರಿಕೆಗಳು ಅನಿವಾರ್ಯ. ಮೊದಲು, ತಿದ್ದಲಿರುವ ಪ್ರತಿಯೊಂದು ಕಡತದ ಪ್ರತಿಯನ್ನು ತೆಗೆದಿಡಬೇಕು. ಎರಡನೆಯದಾಗಿ, ಈ ಕೆಲಸವನ್ನು ಸರ್ವರಿನ ಎದುರು ಕುಳಿತು ಅದರದೇ ಕೀಲಿಮಣೆಯಿಂದ ಮಾಡಬೇಕು. ದೂರದ ಗಣಕದಿಂದ ಮಾಡಿದರೆ ತಿದ್ದುಪಡಿಯು ತಪ್ಪಿದ ಕ್ಷಣದಲ್ಲಿ ತಿದ್ದುವವರ ಸಂಪರ್ಕವೇ ಕಡಿದುಹೋಗುತ್ತದೆ. ಮೂರನೆಯದಾಗಿ, ನೆಟ್‌ಪ್ಲಾನಿನಲ್ಲಿ ನೇರವಾಗಿ ಅನ್ವಯಿಸುವ ಬದಲು ಟ್ರೈ ಎಂಬ ಆಜ್ಞೆಯನ್ನು ಬಳಸಬೇಕು. 120 ಸೆಕೆಂಡುಗಳೊಳಗೆ ದೃಢೀಕರಿಸದಿದ್ದರೆ ಅದು ಹಳೆಯ ಹೊಂದಿಕೆಯನ್ನು ಮರಳಿ ತರಲು ಯತ್ನಿಸುತ್ತದೆ. ಹೆಸರಿನ ಬದಲಾವಣೆಯು ಪೂರ್ಣವಾಗಿ ಜಾರಿಗೆ ಬಂದಿದೆಯೇ ಎಂಬುದನ್ನು ಕೊನೆಗೆ ಒಮ್ಮೆ ಮರುಚಾಲನೆ ಮಾಡಿ ನೋಡಬೇಕು.

7. ತರಗತಿಯಲ್ಲಿ

ಈ ವಿಷಯವನ್ನು ದುರಸ್ತಿಯ ಕೆಲಸವೆಂದು ಪ್ರಯೋಗಾಲಯದ ಹೊರಗಿಡಬೇಕಾಗಿಲ್ಲ. ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ತಮ್ಮ ಎದುರಿನ ಗಣಕದಲ್ಲಿ ಐಪಿ ಲಿಂಕ್ ಆಜ್ಞೆಯನ್ನು ಕೊಟ್ಟು, ಅದರಲ್ಲಿ ಬಂದ ಹೆಸರನ್ನೂ ಮ್ಯಾಕ್ ವಿಳಾಸವನ್ನೂ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಎಲ್ಲರ ಪಟ್ಟಿಗಳನ್ನು ಕರಿಹಲಗೆಯ ಮೇಲೆ ಜೋಡಿಸಿದಾಗ ಹಲವು ಗಣಕಗಳಿಗೆ ಒಂದೇ ಇಂಟರ್‌ಫೇಸ್ ಹೆಸರು, ಆದರೆ ಪ್ರತಿಯೊಂದಕ್ಕೂ ಬೇರೆ ಮ್ಯಾಕ್ ವಿಳಾಸ ಇರುವುದು ಅವರಿಗೇ ಕಾಣುತ್ತದೆ. ಒಂದೇ ತಯಾರಕರ ಕಾರ್ಡುಗಳಲ್ಲಿ ಮೊದಲ ಮೂರು ಜೋಡಿಗಳು ಒಂದೇ ಆಗಿರುವುದನ್ನೂ ಅವರು ಗಮನಿಸಬಹುದು. ಕ್ರಮಸಂಖ್ಯೆಗೂ ದಾಖಲಾತಿ ಸಂಖ್ಯೆಗೂ ಇರುವ ಭೇದವನ್ನು ಆಗ ಹೇಳಿದರೆ ಸಾಕು.

ತೆರೆಯ ಮೇಲಿನ ದೋಷವಾಕ್ಯಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಅಭ್ಯಾಸವೂ ಮುಖ್ಯ. ಅಂತಹ ಸಾಧನವಿಲ್ಲ ಎಂಬರ್ಥದ ಸಂದೇಶ ಬಂದರೆ ಆ ಹೆಸರಿನ ಇಂಟರ್‌ಫೇಸ್ ಇಲ್ಲವೆಂದಷ್ಟೇ ಅರ್ಥ, ಕಾರ್ಡು ಇಲ್ಲವೆಂದಲ್ಲ. ಸಂಕೇತವಿಲ್ಲ ಎಂದರೆ ಕಾರ್ಡೂ ಹೆಸರೂ ಇವೆ, ಕೇಬಲಿನ ಆಚೆ ಯಾರೂ ಇಲ್ಲ. ಡೌನ್ ಎಂದರೆ ಕಾರ್ಡು ಕೆಟ್ಟಿದೆ ಎಂದಲ್ಲ, ಚಾಲನೆಯಲ್ಲಿಲ್ಲ ಎಂದು. ಈ ಮೂರು ವಾಕ್ಯಗಳ ಅಂತರವನ್ನು ತನ್ನ ಭಾಷೆಯಲ್ಲಿ ಹೇಳಬಲ್ಲ ವಿದ್ಯಾರ್ಥಿಯು ದೋಷವು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನೂ ಹೇಳಬಲ್ಲನು. ಪದಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದವನಿಗೆ ಅದು ಸಾಧ್ಯವಾಗದು.

ಸರ್ವರಿನ ಬಳಿ ಒಂದು ನೋಟ್‌ಪುಸ್ತಕವಿರಲಿ. ಕಾರ್ಡುಗಳ ಮ್ಯಾಕ್ ವಿಳಾಸ, ಹೆಸರು, ಸ್ಲಾಟು, ಕೇಬಲ್ ಹೋಗುವ ಕಡೆ, ಬದಲಾಯಿಸಿದ ದಿನಾಂಕ ಇವಿಷ್ಟು ಅದರಲ್ಲಿ ದಾಖಲಾಗಿದ್ದರೆ ಅಧ್ಯಾಪಕರು ವರ್ಗವಾಗಿ ಹೋದ ಮೇಲೂ ಮುಂದಿನವರು ಕತ್ತಲಲ್ಲಿ ತಡಕಾಡಬೇಕಾಗುವುದಿಲ್ಲ.

ಆರಂಭದಲ್ಲಿ ಹೇಳಿದ ಪ್ರಯೋಗಾಲಯದಲ್ಲಿ ಎಲ್‌ಎಸ್‌ಪಿಸಿಐ ಹೊಸ ಕಾರ್ಡನ್ನು ತೋರಿಸುತ್ತದೆ. ಅದರ ಕೆಳಗೆ ಡ್ರೈವರೂ ಇದೆ. ಐಪಿ ಲಿಂಕ್ ಪಟ್ಟಿಯಲ್ಲಿ ಅದರ ಹೆಸರು ಇಎನ್‌ಪಿ4ಎಸ್0. ನೆಟ್‌ಪ್ಲಾನ್ ಕಡತದಲ್ಲಿ ಬರೆದಿರುವುದು ಇಎನ್‌ಪಿ3ಎಸ್0. ರಿಪೇರಿಯವರು ಹೊಸ ಕಾರ್ಡನ್ನು ಪಕ್ಕದ ಸ್ಲಾಟಿಗೆ ಹಾಕಿದ್ದರು. ಕಾರ್ಡಿನ ಮ್ಯಾಕ್ ವಿಳಾಸವನ್ನು ಬರೆದು ಲ್ಯಾಬ್0 ಎಂಬ ಹೆಸರನ್ನು ಕೊಟ್ಟು, ಡಿಎಚ್‌ಸಿಪಿ ಮತ್ತು ಫೈರ್‌ವಾಲುಗಳಲ್ಲಿ ಅದೇ ಹೆಸರನ್ನು ತಿದ್ದಿದರೆ ಕೆಲಸ ಮುಗಿಯಿತು. ಹೊಸ ಕಾರ್ಡನ್ನು ಕೊಳ್ಳಬೇಕಾಗಿಲ್ಲ. ಮಕ್ಕಳ ಕಡತಗಳು ಇದ್ದಲ್ಲಿಯೇ ಇವೆ.